ಗೋಡೆಯ ಪಟದಲ್ಲಿ ಒಂದು ಅಗ್ನಿಶಾಮಕ ಠಾಣೆ

ವಿಕ್ಟೋರಿಯ ರಾಣಿಯ ಕಾಲದ ಲಂಡನ್ ನಗರದ ಅಗ್ನಿಶಾಮಕ ಠಾಣೆಗಳ ಛಾಯಾಚಿತ್ರಗಳು ಈಗಲೂ ಚೌಕಟ್ಟು ಹಾಕಿದ ಪಟಗಳಾಗಿ ಅಲ್ಲಲ್ಲಿ ಕಾಣಸಿಗುತ್ತವೆ. ಎತ್ತರವಾದ ಬಾಗಿಲುಗಳು, ಅವುಗಳ ಮುಂದೆ ಕುದುರೆ ಕಟ್ಟಿದ ಒಂದು ಯಂತ್ರ, ಸಾಲಾಗಿ ನಿಂತ ಆಳುಗಳು, ಅವರ ತಲೆಯ ಮೇಲೆ ಮಿರುಗುವ ಹಿತ್ತಾಳೆಯ ಶಿರಸ್ತ್ರಾಣ. ನೋಡಿದವರು ಚೆನ್ನಾಗಿದೆ ಎಂದು ಮುಂದೆ ನಡೆಯುತ್ತಾರೆ. ಆದರೆ ಇಂಥ ಪಟವನ್ನೂ ಪುಸ್ತಕದಂತೆ ಓದಬಹುದು. ಓದಿದರೆ ನಮ್ಮ ಮೈಸೂರಿಗೆ ಸಲ್ಲುವ ಮಾತೂ ಅದರಲ್ಲಿದೆ.

ಮೊದಲು ಆ ಆಳುಗಳ ನಿಲುವನ್ನು ನೋಡಿ. ಒಬ್ಬನೂ ಅಲುಗುವುದಿಲ್ಲ. ಆ ಕಾಲದ ಗಾಜಿನ ಫಲಕದ ಮೇಲೆ ಚಿತ್ರ ಮೂಡಲು ಕೆಲವು ಕ್ಷಣಗಳಾದರೂ ಹಿಡಿಯುತ್ತಿತ್ತು. ಕುದುರೆ ತಲೆ ಕೊಡವಿದರೆ ಅದರ ಮುಖ ಮಸುಕಾಗುತ್ತಿತ್ತು. ಓಡುವ ಯಂತ್ರವನ್ನಾಗಲಿ ಉರಿಯುವ ಮನೆಯನ್ನಾಗಲಿ ಅಂಥ ಪೆಟ್ಟಿಗೆ ಹಿಡಿಯಲಾರದು. ಆದುದರಿಂದ ನಮಗೆ ಉಳಿದಿರುವುದು ಬೆಂಕಿಯ ಚಿತ್ರವಲ್ಲ, ಸಿದ್ಧತೆಯ ಚಿತ್ರ.

ಇನ್ನು ಯಂತ್ರ. ಅದರ ಹಿಂಬದಿಯಲ್ಲಿ ನಿಂತಿರುವ ಉರುಟಾದ ಕಂಬವು ಹಬೆಯ ಪಾತ್ರೆ. ಅದರ ಕೆಳಗೆ ಸೌದೆಯನ್ನು ಮೊದಲೇ ಒಟ್ಟಿಟ್ಟು, ಕರೆ ಬಂದೊಡನೆ ಹೊತ್ತಿಸಿ, ದಾರಿಯಲ್ಲಿಯೇ ಹಬೆ ಏಳಿಸುತ್ತಿದ್ದರು. ಬೆಂಕಿಯನ್ನು ಆರಿಸಲು ಬೆಂಕಿಯನ್ನೇ ಹೊತ್ತಿಸಿಕೊಂಡು ಹೋಗುವ ವಿಚಿತ್ರವಿದು! ಕಟ್ಟಡದ ಮೇಲಣ ಗೋಪುರ ಅಲಂಕಾರಕ್ಕೆಂದು ಕಟ್ಟಿದುದಲ್ಲ. ಒದ್ದೆಯಾದ ನೀರಿನ ಕೊಳವೆಗಳನ್ನು ಅಲ್ಲಿ ಇಳಿಬಿಟ್ಟು ಒಣಗಿಸುತ್ತಿದ್ದರು. ಊರಿನಲ್ಲಿ ಎಲ್ಲಿ ಹೊಗೆ ಎದ್ದಿದೆಯೆಂದು ಅದರ ಮೇಲೆ ನಿಂತು ಕಾಯುತ್ತಿದ್ದುದೂ ಉಂಟು. ಆಳುಗಳಲ್ಲಿ ಬಹುಮಂದಿ ಹಿಂದೆ ನಾವಿಕರಾಗಿದ್ದವರು. ಎತ್ತರಕ್ಕೆ ಹತ್ತಲು ಹೆದರದವರು, ಹಗ್ಗದ ಕೆಲಸ ಬಲ್ಲವರು, ಅಪ್ಪಣೆಯಾದ ಕ್ಷಣದಲ್ಲಿ ಏಳುವವರು ಬೇಕೆಂದು ಅವರನ್ನೇ ಆರಿಸುತ್ತಿದ್ದರು.

ಈ ಠಾಣೆಗಳು ಸುಲಭವಾಗಿ ಬಂದವಲ್ಲ. 1833ರಲ್ಲಿ ಲಂಡನ್ನಿನ ವಿಮಾ ಕಂಪೆನಿಗಳು ಒಟ್ಟುಗೂಡಿ ಒಂದು ದಳವನ್ನು ಕಟ್ಟಿದವು. ಜೇಮ್ಸ್ ಬ್ರೇಡ್‌ವುಡ್ ಎಂಬಾತ ಅದರ ನಾಯಕ. 1861ರ ಜೂನ್ ತಿಂಗಳಲ್ಲಿ ಥೇಮ್ಸ್ ನದಿಯ ದಂಡೆಯ ಟೂಲಿ ಬೀದಿಯ ಉಗ್ರಾಣಗಳಿಗೆ ಬೆಂಕಿ ಬಿತ್ತು. ಕುಸಿದ ಗೋಡೆಯಡಿ ಸಿಕ್ಕಿ ಬ್ರೇಡ್‌ವುಡ್ ಮೃತನಾದ. ನಷ್ಟವನ್ನು ಕಂಡು ಬೆದರಿದ ಕಂಪೆನಿಗಳು ಈ ಹೊರೆ ಇನ್ನು ತಮ್ಮಿಂದಾಗದೆಂದು ಸರ್ಕಾರಕ್ಕೆ ತಿಳಿಸಿದವು. ಅದರ ಫಲವಾಗಿ 1866ರ ಜನವರಿ 1ರಂದು ಕ್ಯಾಪ್ಟನ್ ಷಾ ಅವರ ಮುಂದಾಳುತನದಲ್ಲಿ ಊರಿನ ಹಣದಿಂದ ನಡೆಯುವ ದಳವು ಹುಟ್ಟಿತು. ವಿಮೆ ಮಾಡಿದವನ ಸರಕನ್ನು ಉಳಿಸುವುದು ಒಂದು ವ್ಯಾಪಾರ. ಯಾರ ಮನೆಯಾದರೂ ಸರಿ, ಓಡಿಹೋಗಿ ಉಳಿಸುವುದು ಊರಿನ ಧರ್ಮ. ಪಟದಲ್ಲಿ ಕಾಣುವ ಠಾಣೆ ಈ ಎರಡನೆಯ ವಿಚಾರದ ಕಟ್ಟಡ.

ಈಗ ನಮ್ಮ ಊರಿಗೆ ಬರೋಣ. ಲಂಡನ್ನಿನ ಆ ಪಟದ ಪಕ್ಕದಲ್ಲಿ ಮೈಸೂರಿನ ಹಳೆಯ ಅರಮನೆಯ ಛಾಯಾಚಿತ್ರವನ್ನು ಇಟ್ಟು ನೋಡಬೇಕು. 1799ರಲ್ಲಿ ಟಿಪ್ಪು ಸುಲ್ತಾನನ ಕಾಲ ಮುಗಿದ ಮೇಲೆ, ಮುಮ್ಮಡಿ ಕೃಷ್ಣರಾಜ ಒಡೆಯರ ಬಾಲ್ಯದಲ್ಲಿ ಕಟ್ಟಿದ ಅರಮನೆ ಅದು. ಕೆತ್ತನೆಯ ಕಂಬಗಳು, ತೊಲೆಗಳು, ಮಾಡಗಳು, ಎಲ್ಲವೂ ಬಹುಪಾಲು ಮರ. 1897ರ ಫೆಬ್ರವರಿಯಲ್ಲಿ ರಾಜಕುಮಾರಿ ಜಯಲಕ್ಷಮ್ಮಣ್ಣಿಯವರ ವಿವಾಹದ ಸಂಭ್ರಮ ನಡೆದಿರುವಾಗಲೇ ಬೆಂಕಿ ತಗುಲಿ ಆ ಅರಮನೆ ಸುಟ್ಟುಹೋಯಿತು. ನಾಲ್ವಡಿ ಕೃಷ್ಣರಾಜ ಒಡೆಯರು ಆಗ ಇನ್ನೂ ಬಾಲಕರು. ಮಹಾರಾಣಿ ವಾಣೀವಿಲಾಸ ಸನ್ನಿಧಾನದವರು ರಾಜಪ್ರತಿನಿಧಿಗಳು. ರಾಜಪರಿವಾರ ಜಗನ್ಮೋಹನ ಅರಮನೆಗೆ ತೆರಳಬೇಕಾಯಿತು.

ಆ ಸಂಕಟದಿಂದ ಕಲಿತ ಪಾಠವನ್ನು ಇಂದಿನ ಅರಮನೆಯಲ್ಲಿಯೇ ಕಾಣಬಹುದು. ಹೆನ್ರಿ ಇರ್ವಿನ್ನರು ರೂಪಿಸಿದ, 1912ರಲ್ಲಿ ಮುಗಿದ ಈ ಕಟ್ಟಡಕ್ಕೆ 41,47,913 ರೂಪಾಯಿ ವೆಚ್ಚವಾಯಿತೆಂದು ಲೆಕ್ಕವಿದೆ. ಇಲ್ಲಿ ಭಾರ ಹೊತ್ತಿರುವುದು ಕಲ್ಲು, ಇಟ್ಟಿಗೆ, ಕಬ್ಬಿಣ. ಕಲ್ಯಾಣ ಮಂಟಪದ ಎರಕದ ಕಬ್ಬಿಣದ ಕಂಬಗಳು ಗ್ಲಾಸ್ಗೊ ನಗರದಿಂದ ಬಂದವು. ದಸರೆಯಲ್ಲಿ ಅವುಗಳ ಸೊಬಗನ್ನು ಹೊಗಳುವ ನಾವು, ಅವುಗಳ ಹಿಂದೆ ಸುಟ್ಟ ಮರದ ನೆನಪಿದೆಯೆಂಬುದನ್ನು ಮರೆಯುತ್ತೇವೆ.

ಅರಮನೆಯನ್ನು ಮತ್ತೆ ಕಟ್ಟಬಹುದು. ಬಡವನ ಮನೆಯ ಮಾತು ಬೇರೆ. 2021ರ ಏಪ್ರಿಲ್ ತಿಂಗಳಲ್ಲಿ, ನಮ್ಮ ಕೆಸರೆಗೆ ದೂರವಲ್ಲದ ರಾಜೀವನಗರದಲ್ಲಿ, ಕೂಲಿ ಮಾಡಿ ಬದುಕುವ ಒಬ್ಬರು ಜನರಿಗೆಂದು ಕಟ್ಟಿದ್ದ ಗ್ರಂಥಾಲಯವು ಒಂದೇ ರಾತ್ರಿಯಲ್ಲಿ ಬೂದಿಯಾಯಿತು. ಸುಮಾರು 11,000 ಪುಸ್ತಕಗಳು. ಅವುಗಳಲ್ಲಿ ಹೆಚ್ಚಿನವು ಕನ್ನಡದವು. ಅಗ್ನಿಗೆ ‘ಅನಲ’ ಎಂಬ ಹೆಸರುಂಟು. ‘ಅಲಂ’ ಎಂದರೆ ಸಾಕು. ಸಾಕೆನ್ನದವನು ಅನಲ ಎಂದು ಹಿರಿಯರು ಅರ್ಥ ಬಿಡಿಸುತ್ತಿದ್ದರು. ಅರಮನೆಯೆಂದೂ ಗುಡಿಸಲೆಂದೂ ಅವನಿಗೆ ಭೇದವಿಲ್ಲ.

ನಮ್ಮ ರಾಜ್ಯದಲ್ಲಿ ಅಗ್ನಿಶಾಮಕ ದಳದ ಕಾಯಿದೆ ಬಂದುದು 1964ರಲ್ಲಿ. ಈಗ ಮೈಸೂರಿನಲ್ಲಿ ಸರಸ್ವತೀಪುರ, ಬನ್ನಿಮಂಟಪ ಮೊದಲಾದೆಡೆ ಠಾಣೆಗಳಿವೆ. ಕುದುರೆ ಹೋಗಿ ಮೋಟಾರು ಬಂದಿದೆ. 101 ಅಥವಾ 112ಕ್ಕೆ ದೂರವಾಣಿ ಮಾಡಿದರೆ ಸಾಕು. ಆದರೆ ಠಾಣೆಯಿಂದ ಹೊರಟ ವಾಹನ ನಮ್ಮ ಬಾಗಿಲಿಗೆ ಬರಲು ದಾರಿ ಬೇಕಲ್ಲವೆ? ಕೆಸರೆಯಂತೆ ಹಳ್ಳಿಯಾಗಿದ್ದು ನಗರದೊಳಗೆ ಸೇರಿದ ಊರುಗಳಲ್ಲಿ ಓಣಿಗಳು ಎತ್ತಿನ ಗಾಡಿಯ ಅಳತೆಯವು. ಆ ಅಗಲದಲ್ಲಿಯೇ ಮೆಟ್ಟಿಲು ಮುಂದೆ ಚಾಚಿ, ವಾಹನ ನಿಲ್ಲಿಸಿ, ಮರಳಿನ ರಾಶಿ ಹಾಕಿದರೆ, ಎಷ್ಟು ಶೂರರಾದ ಆಳುಗಳಿದ್ದರೂ ಮೂಲೆಯಲ್ಲಿಯೇ ನಿಂತುಬಿಡುತ್ತಾರೆ. ಬೆಂಕಿ ಚಿಕ್ಕದಾಗಿರುವುದು ಮೊದಲ ಕೆಲವು ನಿಮಿಷ ಮಾತ್ರ.

ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದರಂತೆ ಎಂಬ ಗಾದೆಯನ್ನು ನಾವೆಲ್ಲರೂ ಬಲ್ಲೆವು. ಹಳೆಯ ಪಟದಲ್ಲಿ ಅಲುಗದೆ ನಿಂತವರು ಆ ಗಾದೆಗೆ ಕೊಟ್ಟ ಉತ್ತರವೇ ಅವರ ಠಾಣೆ. ನಮ್ಮ ಪಾಲಿನ ಉತ್ತರ ಅದಕ್ಕಿಂತ ಸುಲಭ: ನಮ್ಮ ನಮ್ಮ ಓಣಿಯನ್ನು ತೆರವಾಗಿಡುವುದು.