ಗರ್ಭಿಣಿಯರ ಲಸಿಕೆ: ಸ್ವೀಕಾರ ಮತ್ತು ಸಂಶಯ

ಗರ್ಭಿಣಿಯರು ಲಸಿಕೆಗೆ ಹಿಂಜರಿಯುವುದಕ್ಕೆ ಅಜ್ಞಾನವೇ ಕಾರಣವೆಂದು ಹೇಳುವುದು ವಾಡಿಕೆ. ನಮ್ಮ ನಾಡಿನ ಅನುಭವ ಈ ಮಾತನ್ನು ಸಮರ್ಥಿಸುವುದಿಲ್ಲ. ಧನುರ್ವಾಯು ನಿರೋಧಕ ಚುಚ್ಚುಮದ್ದನ್ನು ಹಳ್ಳಿಯ ಬಸುರಿಯರು ದಶಕಗಳಿಂದ ಸ್ವೀಕರಿಸುತ್ತ ಬಂದಿದ್ದಾರೆ. 'ಟಿಟಿ' ಎಂಬ ಆಂಗ್ಲ ಸಂಕ್ಷೇಪ ಅಕ್ಷರ ಬಾರದವರ ಬಾಯಲ್ಲೂ ಕನ್ನಡದ್ದೇ ಆಗಿಬಿಟ್ಟಿದೆ. ತಾಯಿಯ ದೇಹದಲ್ಲಿ ಉತ್ಪತ್ತಿಯಾದ ಪ್ರತಿಕಾಯಗಳು ಮಾಸಿನ ಮೂಲಕ ಶಿಶುವನ್ನು ಸೇರಿ, ಹೊಕ್ಕುಳಬಳ್ಳಿ ಕತ್ತರಿಸಿದ ಗಾಯದಿಂದ ತಗಲಬಹುದಾದ ಈ ರೋಗದಿಂದ ಅದನ್ನು ರಕ್ಷಿಸುತ್ತವೆ. ಲಸಿಕೆ ಹಾಗೂ ಶುದ್ಧ ಹೆರಿಗೆಗಳ ಫಲವಾಗಿ, ತಾಯಂದಿರ ಮತ್ತು ನವಜಾತ ಶಿಶುಗಳ ಧನುರ್ವಾಯುವನ್ನು ಭಾರತ ನಿವಾರಿಸಿದೆಯೆಂದು 2015ರಲ್ಲಿ ದೃಢಪಟ್ಟಿತು. ನಿವಾರಣೆಯೆಂದರೆ ನಿರ್ಮೂಲನವಲ್ಲ, ಪ್ರತಿ ಜಿಲ್ಲೆಯಲ್ಲೂ ಸಾವಿರ ಸಜೀವ ಜನನಗಳಿಗೆ ಒಂದಕ್ಕಿಂತ ಕಡಿಮೆ ನವಜಾತ ಪ್ರಕರಣ ಎಂಬುದಷ್ಟೇ ಅದರ ಅರ್ಥ.

ಕೋವಿಡ್ ಲಸಿಕೆಯ ಕಥೆ ಬೇರೆ. 2021ರ ಜನವರಿ 16ರಂದು ಅಭಿಯಾನ ಆರಂಭವಾದಾಗ ಗರ್ಭಿಣಿಯರನ್ನು ಹೊರಗಿಡಲಾಗಿತ್ತು. ಔಷಧ ಪ್ರಯೋಗಗಳಲ್ಲಿ ಅವರನ್ನು ಸೇರಿಸಿಕೊಳ್ಳದಿದ್ದುದರಿಂದ ಸುರಕ್ಷತೆಯ ಮಾಹಿತಿ ಸಾಲದಾಗಿತ್ತು. 'ಮಾಹಿತಿಯಿಲ್ಲ' ಎಂಬುದು ಜನರಿಗೆ 'ಅಪಾಯವಿದೆ' ಎಂದೇ ಕೇಳಿಸಿತು. ಜುಲೈ 2ರಂದು ಅನುಮತಿ ದೊರೆಯುವ ವೇಳೆಗೆ ಎರಡನೆಯ ಅಲೆ ಅನೇಕ ಬಸುರಿಯರನ್ನು ಬಲಿ ತೆಗೆದುಕೊಂಡಿತ್ತು. ಐದೂವರೆ ತಿಂಗಳು 'ಬೇಡ' ಎಂದ ವ್ಯವಸ್ಥೆಯೇ 'ಬೇಕು' ಎಂದಾಗ ಮನೆಯ ಹಿರಿಯರು ಶಂಕಿಸಿದ್ದು ಸಹಜವೇ. ಟಿಟಿಗೆ ಇಂತಹ ನಿಷೇಧದ ಪೂರ್ವಚರಿತ್ರೆ ಇರಲಿಲ್ಲ.