ಗಾಡಿ ಸಣ್ಣದಿರಲಿ, ಶುಚಿ ಸಣ್ಣದಾಗದಿರಲಿ

ಕೈರುಚಿ ಚೆನ್ನಾಗಿದೆ, ಒಂದು ತಿಂಡಿ ಗಾಡಿ ಯಾಕೆ ಹಾಕಬಾರದು ಅಂತ ಯೋಚಿಸ್ತಿದ್ದೀರಾ? ವಿಜಯಪುರ ಇರಲಿ, ತಿಕೋಟಾ, ಬಬಲೇಶ್ವರ ಇರಲಿ, ಬಿಸಿ ಮಿರ್ಚಿ ಭಜಿ, ಗಿರಮಿಟ್‌ಗೆ ಗಿರಾಕಿ ಇದ್ದೇ ಇರ್ತಾರೆ. ಆದರೆ 2006ರ ಆಹಾರ ಸುರಕ್ಷತೆ ಕಾಯ್ದೆ ದೊಡ್ಡ ಹೋಟೆಲಿಗಷ್ಟೇ ಅಲ್ಲ, ನಿಮ್ಮ ಗಾಡಿಗೂ ಅನ್ವಯ. ಹಾಗಾಗಿ ಈ ಮಾತುಗಳು ನೆನಪಿರಲಿ.

* ಮೊದಲು ಎಫ್‌ಎಸ್‌ಎಸ್‌ಎಐ ನೋಂದಣಿ ಮಾಡಿಸಿ. ಪತ್ರ ಗಿರಾಕಿಗೆ ಕಾಣುವಂತಿರಲಿ.

* ಕುಡಿಯುವ ನೀರನ್ನು ಮುಚ್ಚಳ, ನಲ್ಲಿ ಇರುವ ಡ್ರಮ್ಮಿನಲ್ಲೇ ತನ್ನಿ. ಎಲ್ಲ ತಟ್ಟೆಗಳನ್ನೂ ಒಂದೇ ಬಕೆಟ್ಟಿನಲ್ಲಿ ಅದ್ದಿ ತೆಗೆಯಬೇಡಿ.

* ಬಿಸಿ ಪದಾರ್ಥ 60 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲೆ, ಮೊಸರಿನಂಥವು 5 ಡಿಗ್ರಿಗಿಂತ ಕೆಳಗೆ ಇರಲಿ. ನಮ್ಮೂರ ಬಿಸಿಲಿಗೆ ಐಸ್ ಡಬ್ಬಿ ಬೇಕೇ ಬೇಕು. ನಡುವಿನ ಬಿಸಿಯಲ್ಲಿ ರೋಗಾಣು ಬೇಗ ಬೆಳೆಯುತ್ತವೆ.

* ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕೋದನ್ನ ರಾಜ್ಯ ಸರ್ಕಾರ 2024ರ ಮಾರ್ಚ್‌ನಲ್ಲೇ ನಿಷೇಧಿಸಿದೆ. ಕೆಂಪು ಬೇಕೆಂದರೆ ಬ್ಯಾಡಗಿ ಮೆಣಸಿನಕಾಯಿ ಸಾಕು.

* ಹಳೇ ಪೇಪರಿನಲ್ಲಿ ಭಜಿ ಕಟ್ಟಬೇಡಿ. ಅದರ ಮಸಿ ತಿಂಡಿಗೆ ಅಂಟುತ್ತದೆ.

* ವಾಂತಿ, ಭೇದಿ ಇದ್ದ ದಿನ ಗಾಡಿ ಬಂದ್ ಇಡಿ. ಒಂದು ದಿನದ ವ್ಯಾಪಾರ ನಾಳೆ ಬಂದೀತು. ನಿಮ್ಮ ತಟ್ಟೆಯಿಂದ ಮಗುವೊಂದು ಕಾಯಿಲೆ ಬಿದ್ದರೆ, ಹೋದ ನಂಬಿಕೆ ಮತ್ತೆ ಬರೋದು ಕಷ್ಟ.