ಗಣಕದ ಮನೆಯಲ್ಲಿ ಮೊದಲು ಏಳುವವರು ಯಾರು?

ಗುಂಡಿ ಒತ್ತಿದ ಮೇಲೆ ಕಂಪ್ಯೂಟರಿನ ತೆರೆ ಬೆಳಗುವ ತನಕ ಒಳಗೆ ಏನು ನಡೆಯುತ್ತದೆ ಎಂದು ನಮ್ಮಲ್ಲಿ ಹೆಚ್ಚಿನವರು ಯೋಚಿಸುವುದಿಲ್ಲ. ಆ ಸ್ವಲ್ಪ ಹೊತ್ತಿನ ಕತ್ತಲಲ್ಲಿ ಮೊದಲು ಯಾರು ಏಳಬೇಕು, ಎದ್ದವರು ಉಳಿದವರನ್ನು ಹೇಗೆ ಎಬ್ಬಿಸಬೇಕು ಎಂಬ ಪ್ರಶ್ನೆಯ ಮೇಲೆ ಮುಕ್ತ ತಂತ್ರಾಂಶದ ಬಳಗ ವರ್ಷಗಟ್ಟಲೆ ಕಾದಾಡಿತು ಎಂದರೆ ನಗು ಬರಬಹುದು. ಆದರೆ ಜಗಳ ಸಣ್ಣದಾಗಿರಲಿಲ್ಲ. ಸಂಬಳದ ಹಂಗಿಲ್ಲದೆ ಬಹುಕಾಲ ದುಡಿದ ಕೆಲವರು ಅದೇ ಬೇಸರದಲ್ಲಿ ಬಳಗವನ್ನೇ ಬಿಟ್ಟು ಹೋದರು.

ವಿಷಯ ತಿಳಿಯಲು ಗುಡಿಯೊಂದರ ಬೆಳಗಿನ ಕ್ರಮವನ್ನು ನೆನೆದರೆ ಸಾಕು. ವೈಯಾಲಿಕಾವಲಿನಲ್ಲಿರುವ ತಿರುಮಲ ತಿರುಪತಿ ದೇವಸ್ಥಾನದವರ ವೆಂಕಟೇಶ್ವರನ ಗುಡಿಯಾಗಲಿ, ಊರಿನ ಮತ್ತಾವ ಗುಡಿಯಾಗಲಿ, ಅಲ್ಲಿ ಒಂದರ ಹಿಂದೆ ಒಂದು ನಡೆಯಲೇಬೇಕಾದ ಕೆಲಸಗಳಿವೆ. ಬಾಗಿಲು ತೆರೆಯದೆ ಪೂಜೆಯಿಲ್ಲ, ನೈವೇದ್ಯವಾಗದೆ ಪ್ರಸಾದವಿಲ್ಲ. ಆದರೆ ಪಾಕಶಾಲೆಯಲ್ಲಿ ಒಲೆ ಹಚ್ಚುವವರು ಹೂಮಾಲೆ ಕಟ್ಟುವವರಿಗಾಗಿ ಕಾಯಬೇಕಾಗಿಲ್ಲ. ಯಾವುದು ಯಾವುದಕ್ಕೆ ಕಾಯಬೇಕು, ಯಾವುದು ಜೊತೆಜೊತೆಗೇ ನಡೆಯಬಹುದು ಎಂದು ಬಲ್ಲ ಒಬ್ಬ ಪಾರುಪತ್ತೇಗಾರ ಇರಬೇಕು, ಅಷ್ಟೆ.

ಕಂಪ್ಯೂಟರಿನಲ್ಲಿ ಈ ಪಾರುಪತ್ತೇಗಾರನ ಹೆಸರು 'ಇನಿಟ್'. 1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಹುಟ್ಟಿದ ಯೂನಿಕ್ಸ್ ವ್ಯವಸ್ಥೆಯಿಂದ ಬಂದ ಪದ್ಧತಿ ಇದು. ಯಂತ್ರ ಎದ್ದಾಗ ವ್ಯವಸ್ಥೆಯ ತಿರುಳು ತಾನು ಸಿದ್ಧವಾದೊಡನೆ ಶುರು ಮಾಡುವ ಮೊದಲ ಕ್ರಮವಿಧಿ ಇದೇ. ಇದರ ಸಂಖ್ಯೆ 1. ಡಿಸ್ಕು, ಗಡಿಯಾರ, ಜಾಲಸಂಪರ್ಕ, ಮುದ್ರಣ, ಕೊನೆಗೆ ಹೆಸರು ಮತ್ತು ಗುಪ್ತಪದ ಕೇಳುವ ತೆರೆ, ಇವೆಲ್ಲವನ್ನೂ ಎಬ್ಬಿಸುವ ಹೊಣೆ ಅದರದು. ಇದು ಕುಸಿದರೆ ಇಡೀ ಯಂತ್ರವೇ ಕುಸಿಯುತ್ತದೆ.

1983ರಲ್ಲಿ ಬಂದ ಯೂನಿಕ್ಸಿನ 'ಸಿಸ್ಟಮ್ ಫೈವ್' ಆವೃತ್ತಿಯ ಇನಿಟ್ ಬಹುಕಾಲ ಮಾದರಿಯಾಗಿ ನಿಂತಿತು. 1991ರಲ್ಲಿ ಲಿನಸ್ ಟೋರ್ವಾಲ್ಡ್ಸ್ ಆರಂಭಿಸಿದ ಲಿನಕ್ಸ್ ಸುತ್ತ ಬೆಳೆದ ವ್ಯವಸ್ಥೆಗಳಲ್ಲಿ ಹೆಚ್ಚಿನವು ಅದನ್ನೇ ಅನುಸರಿಸಿದವು. ಅದರ ರೀತಿ ಸರಳ: ಪ್ರತಿ ಕೆಲಸಕ್ಕೂ ಒಂದು ಪುಟ್ಟ ಆಜ್ಞಾಪಟ್ಟಿ, ಪ್ರತಿ ಪಟ್ಟಿಗೂ ಒಂದು ಸರದಿ ಸಂಖ್ಯೆ. ಹತ್ತನೆಯದು ಮುಗಿದ ಮೇಲೆ ಹನ್ನೊಂದನೆಯದು. ಯಾರು ಬೇಕಾದರೂ ತೆರೆದು ಓದಬಹುದು, ತಿದ್ದಬಹುದು. ತೊಡಕು ಎಂದರೆ, ಒಲೆ ಹಚ್ಚುವವನೂ ಹೂವಿನವನಿಗಾಗಿ ಕಾದು ಕೂರಬೇಕು. ನಡುವೆ ಒಬ್ಬ ಕೆಲಸಗಾರ ಕುಸಿದುಬಿದ್ದರೂ ಸಾಮಾನ್ಯವಾಗಿ ಪಾರುಪತ್ತೇಗಾರನಿಗೆ ಅದರ ಪರಿವೆ ಇರುವುದಿಲ್ಲ.

ಈ ಕೊರತೆ ನೀಗಿಸಲು ಉಬುಂಟು ಬಳಗ 2006ರಲ್ಲಿ 'ಅಪ್‌ಸ್ಟಾರ್ಟ್' ತಂದಿತು. 2010ರಲ್ಲಿ ರೆಡ್ ಹ್ಯಾಟ್ ಸಂಸ್ಥೆಯಲ್ಲಿದ್ದ ಲೆನಾರ್ಟ್ ಪೊಯೆಟರಿಂಗ್, ಕೇ ಸೀವರ್ಸ್ ಜೊತೆಗೂಡಿ 'ಸಿಸ್ಟಮ್‌ಡಿ'ಯನ್ನು ಮುಂದಿಟ್ಟರು. ಇದು ಕೆಲಸಗಳನ್ನು ಏಕಕಾಲಕ್ಕೆ ಎಬ್ಬಿಸುತ್ತದೆ, ಬಿದ್ದವನನ್ನು ಮತ್ತೆ ನಿಲ್ಲಿಸುತ್ತದೆ, ಯಾರ ಕೈಕೆಳಗೆ ಯಾರಿದ್ದಾರೆಂದು ಲೆಕ್ಕವಿಡುತ್ತದೆ. 2011ರ ಫೆಡೋರಾ 15 ಅದನ್ನು ಒಪ್ಪಿಕೊಂಡಿತು.

ಹಾಗಾದರೆ ಜಗಳ ಯಾಕೆ? ಹೊಸ ಪಾರುಪತ್ತೇಗಾರ ಬಾಗಿಲು ತೆಗೆಯುವುದಕ್ಕೆ ಮಾತ್ರ ತೃಪ್ತನಾಗಲಿಲ್ಲ. ದಿನಚರಿ ಬರೆಯುವುದು, ಬಳಕೆದಾರರ ಹಾಜರಿ, ಜಾಲಸಂಪರ್ಕ, ಗಡಿಯಾರ, ಹೀಗೆ ಒಂದೊಂದೇ ಕೆಲಸಕ್ಕೆ ಸಿಸ್ಟಮ್‌ಡಿಯ ಬಳಗದಿಂದಲೇ ಉಪಕರಣಗಳು ಬಂದವು. ದಿನಚರಿಯನ್ನು ಎಲ್ಲರೂ ಓದಬಲ್ಲ ಸಾದಾ ಅಕ್ಷರದ ಬದಲು ತನ್ನದೇ ಲಿಪಿಯಲ್ಲಿ ಬರೆದಿಟ್ಟಿತು. ಒಂದು ಉಪಕರಣ ಒಂದೇ ಕೆಲಸವನ್ನು ಚೆನ್ನಾಗಿ ಮಾಡಲಿ ಎಂಬುದು ಯೂನಿಕ್ಸಿನ ಹಳೆಯ ನಂಬಿಕೆ. ಎಲ್ಲವೂ ಒಂದೇ ಕೈಗೆ ಹೋದರೆ ನಾಳೆ ಆ ಕೈಯನ್ನು ಬದಲಾಯಿಸುವವರು ಯಾರು ಎಂದು ಹಳಬರು ಕೇಳಿದರು. ನೂರಾರು ಯಂತ್ರಗಳನ್ನು ನೋಡಿಕೊಳ್ಳುವವರಿಗೆ ಎಲ್ಲ ಕಡೆ ಒಂದೇ ರೀತಿಯಿದ್ದರೆ ಎಷ್ಟು ಅನುಕೂಲ ಎಂದು ಹೊಸಬರು ಮರುನುಡಿದರು. ಎರಡು ಮಾತಿನಲ್ಲೂ ಹುರುಳಿತ್ತು.

ಕಾವು ಏರಿದ್ದು ಡೆಬಿಯನ್ ಬಳಗದಲ್ಲಿ. 1993ರಲ್ಲಿ ಇಯಾನ್ ಮರ್ಡಾಕ್ ಸ್ಥಾಪಿಸಿದ ಈ ಸ್ವಯಂಸೇವಕರ ಬಳಗಕ್ಕೆ ಒಡೆಯನಿಲ್ಲ. ತನ್ನದೇ ಸಂವಿಧಾನವಿದೆ, ಮತದಾನವಿದೆ. 2014ರ ಫೆಬ್ರವರಿಯಲ್ಲಿ ಅದರ ತಾಂತ್ರಿಕ ಸಮಿತಿಯ ಎಂಟು ಸದಸ್ಯರ ಮತ ಸಿಸ್ಟಮ್‌ಡಿಗೆ ನಾಲ್ಕು, ಅಪ್‌ಸ್ಟಾರ್ಟಿಗೆ ನಾಲ್ಕು ಎಂದು ಒಡೆಯಿತು. ಅಧ್ಯಕ್ಷ ಬ್ಡೇಲ್ ಗಾರ್ಬಿ ತಮ್ಮ ನಿರ್ಣಾಯಕ ಮತವನ್ನು ಸಿಸ್ಟಮ್‌ಡಿಗೆ ಹಾಕಿದರು. ಕೆಲವೇ ದಿನಗಳಲ್ಲಿ ಉಬುಂಟುವಿನ ಮಾರ್ಕ್ ಶಟಲ್‌ವರ್ತ್ ಸೋಲೊಪ್ಪಿ, ತಮ್ಮವರೂ ಅದನ್ನೇ ಅನುಸರಿಸುವರೆಂದು ಸಾರಿದರು. ಸೋತವರೆಲ್ಲ ಹಾಗೆ ಒಪ್ಪಲಿಲ್ಲ. ಅದೇ ವರ್ಷದ ನವೆಂಬರಿನಲ್ಲಿ ಕೆಲವರು ಬೇರೆಯಾಗಿ 'ಡೆವುವಾನ್' ಎಂಬ ಹೊಸ ಮನೆ ಹೂಡುವುದಾಗಿ ಘೋಷಿಸಿದರು.

ದೂರದ ಒಂದು ಮತ ನಮಗೇಕೆ ಎನ್ನಬೇಡಿ. ಉಬುಂಟು ನಿಂತಿರುವುದು ಡೆಬಿಯನ್ನಿನ ಮೇಲೆ. ಕೇರಳದ ಶಾಲೆಗಳಿಗೆ ಅಲ್ಲಿನ 'ಕೈಟ್' ಸಂಸ್ಥೆ ಒದಗಿಸುವ ವ್ಯವಸ್ಥೆ ನಿಂತಿರುವುದು ಉಬುಂಟುವಿನ ಮೇಲೆ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಗಣಕ ಕಲಿಯುವುದೂ ಅದರಲ್ಲೇ. ಒಬ್ಬ ಅಧ್ಯಕ್ಷರ ಒಂದು ಮತ ಹೀಗೆ ಸದ್ದಿಲ್ಲದೆ ಕನ್ನಡ ಶಾಲೆಯ ಕೋಣೆಗೂ ಬಂದು ಕೂತಿತು. ಬೆಂಗಳೂರಿನಲ್ಲಂತೂ ಈ ಬಳಗದ ನಂಟು ಹಳೆಯದು. 2001ರಲ್ಲಿ ಶುರುವಾದ 'ಲಿನಕ್ಸ್ ಬೆಂಗಳೂರು' ಸಮ್ಮೇಳನ 2005ರಲ್ಲಿ 'ಫಾಸ್ ಡಾಟ್ ಇನ್' ಎಂದು ಹೆಸರು ಬದಲಿಸಿಕೊಂಡು, 2012ರವರೆಗೆ ದೇಶವಿದೇಶಗಳ ತಂತ್ರಜ್ಞರನ್ನು ಇಲ್ಲಿಗೆ ಕರೆತರುತ್ತಿತ್ತು.

ಕನ್ನಡಿಗರಿಗೆ ಇಂಥ ತಕರಾರು ಹೊಸದೂ ಅಲ್ಲ. ಕನ್ನಡದ ಕೀಲಿಮಣೆ ಹೇಗಿರಬೇಕೆಂಬ ಬಗ್ಗೆ ನಡೆದ ವಾದಗಳು ಹಲವರಿಗೆ ನೆನಪಿರಬಹುದು. ರಾಜ್ಯ ಸರ್ಕಾರ ಒಪ್ಪಿದ್ದು ಕೆ.ಪಿ. ರಾವ್ ಅವರ ವಿನ್ಯಾಸವನ್ನು. ಕೇಂದ್ರ ಸರ್ಕಾರದ ಕಡೆಯಿಂದ ಬಂದದ್ದು ಇನ್‌ಸ್ಕ್ರಿಪ್ಟ್. ಇಂದು ಲಿನಕ್ಸಿನಲ್ಲಿ ಎರಡೂ ಇವೆ, ಬೇಕಾದವರು ಬೇಕಾದದ್ದನ್ನು ಆರಿಸಿಕೊಳ್ಳುತ್ತಾರೆ. ಪಕ್ಕದವನ ಆಯ್ಕೆಯಿಂದ ನಮಗೇನೂ ತೊಂದರೆಯಿಲ್ಲ. ಇನಿಟ್‌ನ ಸಂಗತಿ ಹಾಗಲ್ಲ. ಒಂದು ಯಂತ್ರದಲ್ಲಿ ಸಂಖ್ಯೆ 1 ಒಬ್ಬನದೇ. ಉಳಿದ ತಂತ್ರಾಂಶಗಳನ್ನು ಬರೆಯುವವರು ಅವನನ್ನೇ ನಂಬಿ ಬರೆಯತೊಡಗಿದರೆ, ಇನ್ನೊಬ್ಬನನ್ನು ಆರಿಸುವ ಹಕ್ಕು ಕಾಗದದ ಮೇಲಷ್ಟೇ ಉಳಿಯುತ್ತದೆ. ಜಗಳದ ಬೇರು ಇರುವುದು ಇಲ್ಲಿ.

2019ರ ಡಿಸೆಂಬರಿನಲ್ಲಿ ಡೆಬಿಯನ್ ಮತ್ತೆ ಮತಕ್ಕೆ ಹೋಯಿತು. ಸಿಸ್ಟಮ್‌ಡಿಯೇ ಇರಲಿ, ಬೇರೆ ದಾರಿ ಹುಡುಕುವವರಿಗೆ ಬೆಂಬಲವೂ ಇರಲಿ ಎಂಬ ನಡುವಿನ ಮಾತು ಗೆದ್ದಿತು. 2017ರಲ್ಲಿ ಮೊದಲ ಸ್ಥಿರ ಆವೃತ್ತಿ ಹೊರತಂದ ಡೆವುವಾನ್ ಕೂಡ ನಿಂತುಹೋಗಿಲ್ಲ. ಮೂಲ ಬರಹ ಎಲ್ಲರಿಗೂ ತೆರೆದಿರುವ ಕಡೆ ಸೋತವನು ಬಾಯಿ ಮುಚ್ಚಿಕೊಂಡು ಇರಬೇಕಾಗಿಲ್ಲ, ಬೇರೆ ಮನೆ ಕಟ್ಟಿಕೊಳ್ಳಬಹುದು. ಆ ಮನೆಯ ಸುಣ್ಣಬಣ್ಣದ ಖರ್ಚು ಮಾತ್ರ ವರ್ಷವರ್ಷವೂ ಅವನದೇ.